ಹಸಿರು ಪಟ್ಟಿಯ ತಿಂಗಳುಗಳು

ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಹೋಗುವಾಗ ನನಗೆ ಎಚ್ಚರದಲ್ಲೇ ಕನಸು ಬೀಳುತ್ತಿತ್ತು. ಆ ಕನಸಿನಲ್ಲಿ ಹೆರಿಗೆ ಆಸ್ಪತ್ರೆಗಳೆಲ್ಲ ಹೊಳೆಯ ಮೇಲಿನ ದೀಪಗಳಂತೆ ತೇಲುತ್ತಿದ್ದವು. ಒಂದೊಂದೇ ಹಸಿರು ಬೆಳಕಿಗೆ ತಿರುಗುತ್ತಿತ್ತು. ಕನಸಿಗೆ ಕಾರಣ ಕೈಯಲ್ಲಿದ್ದ ಮೊಬೈಲು. ಅನಗತ್ಯ ಸಿಸೇರಿಯನ್‌ಗಳು ತಗ್ಗಬೇಕೆಂದು ನಮ್ಮ ಪುಟ್ಟ ತಂಡ ಒಂದು ಆ್ಯಪ್ ಮಾಡಿಸಿತ್ತು. ಪ್ರತಿ ಹೆರಿಗೆಯ ನಂತರ ನರ್ಸ್ ಅದರಲ್ಲಿ ಸಹಜವೋ ಸಿಸೇರಿಯನ್ನೋ ಎಂದು ನಮೂದಿಸುತ್ತಿದ್ದರು. ತಿಂಗಳಲ್ಲಿ ಸಿಸೇರಿಯನ್ ಪಾಲು ಮಿತಿಯೊಳಗಿದ್ದರೆ ಪರದೆಯ ಪಟ್ಟಿ ಹಸಿರು, ದಾಟಿದರೆ ಕೆಂಪು. ಬಣ್ಣಗಳನ್ನು ಸೂಚಿಸಿದವಳು ನಾನೇ. ಎದುರಾಳಿಗೆ ಬಾಯಿ ತೆರೆಯಲು ಎಡೆಯಿಲ್ಲದಷ್ಟು ಸರಳವಾಗಿ ವಾದ ಮಂಡಿಸಬೇಕೆಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತಿದ್ದೆ.

ಭದ್ರಾವತಿಯ ಓಲ್ಡ್ ಟೌನಿನಲ್ಲಿದ್ದ ಒಂದು ಚಿಕ್ಕ ಆಸ್ಪತ್ರೆಯ ಪಟ್ಟಿ ಸದಾ ಹಸಿರು. "ಬಂದ್ರು ನೋಡಿ, ನಮ್ ಇನ್‌ಸ್ಪೆಕ್ಟರ್ ಮೇಡಂ!" ಎಂದು ಅಲ್ಲಿನ ಹಿರಿಯ ನರ್ಸ್, ನಮೂದುಗಳನ್ನು ನೋಡಲು ಹೋಗುತ್ತಿದ್ದ ನನ್ನನ್ನು ಕಂಡಾಗಲೆಲ್ಲ ನಗುತ್ತಿದ್ದರು.

ತಿಂಗಳ ಕೊನೆಯ ಒಂದು ಮಧ್ಯಾಹ್ನ. ಒಳಗೆ ಚೊಚ್ಚಲ ಬಸುರಿಯೊಬ್ಬಳು ಬೆಳಗಿನಿಂದ ನೋವು ತಿನ್ನುತ್ತಿದ್ದಳು. ಹೊರಗಿನ ಬೆಂಚಿನ ಮೇಲೆ ಅವಳ ಅತ್ತೆ ಕುಳಿತಿದ್ದರು. ಬಾಗಿಲಾಚೆಯ ಯಂತ್ರದಲ್ಲಿ ಮಗುವಿನ ಎದೆಬಡಿತ ಕುದುರೆ ಓಡಿದಂತೆ ಕೇಳುತ್ತಿತ್ತು. ಬಿಸಿಲು ಬಿದ್ದ ನೆಲವನ್ನೇ ನೋಡುತ್ತಾ ನಾನು ಆ ಲಯದಲ್ಲಿ ತೇಲುತ್ತಿದ್ದೆ. ಓಟ ನಿಧಾನವಾದದ್ದು ಕೂಡ ನನ್ನ ಕಿವಿಗೆ ಇಂಪಾಗಿಯೇ ಇತ್ತು.

ನರ್ಸ್ ಹೊರಬಂದರು. ಮುಖದಲ್ಲಿ ನಗುವಿರಲಿಲ್ಲ.

"ಮೇಡಂ, ಮಗು ಹಾರ್ಟ್‌ಬೀಟ್ ಇಳೀತಾ ಇದೆ. ಡಾಕ್ಟರ್ ಊಟಕ್ಕೆ ಹೋಗಿದಾರೆ. ಕರೆದ್ರೆ ಆಪರೇಷನ್ನೇ ಅಂತಾರೆ. ಇದೊಂದು ಸೇರಿದ್ರೆ ನಮ್ದು ಕೆಂಪಾಗುತ್ತೆ. ಇನ್ನರ್ಧ ಗಂಟೆ ನೋಡೋಣ್ವಾ?"

ವೈದ್ಯಕೀಯದ ಒಂದಕ್ಷರವನ್ನೂ ಓದದ ನನ್ನನ್ನು ಕೇಳುತ್ತಿದ್ದರು. ನಾನು ಮೊಬೈಲಿನ ಪರದೆ ನೋಡಿದೆ. ಒಂದು ಕ್ಷಣ, ನಿಜವಾಗಿಯೂ, ಯೋಚಿಸಿದೆ.

ಅತ್ತೆ ಎದ್ದು ಬಂದರು. "ಅಲ್ಲ ಮಾರಾಯ್ತಿ, ನನ್ ಸೊಸೆ ಇರೋದು ಒಳಗೆ. ಆ ಫೋನಲ್ಲಿ ಏನ್ ಹುಡುಕ್ತಿದೀಯ?"

"ಡಾಕ್ಟರನ್ನ ಕರೀರಿ, ಈಗ್ಲೇ," ಎಂದೆ.

ಶಸ್ತ್ರಚಿಕಿತ್ಸೆಯಾಯಿತು. ಮಗು ಅಳಲು ತಡಮಾಡಿತು, ಕೊನೆಗೆ ಅತ್ತಿತು. ಅತ್ತೆ ಬೆಂಚಿನ ಮೇಲೆ ಕುಸಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ನರ್ಸ್ ಹೆರಿಗೆಯನ್ನು ನಮೂದಿಸಿದರು. ಪಟ್ಟಿ ಕೆಂಪಾಯಿತು.

"ಮೊದ್ಲೂ ಹೀಗೆ ಕಾದಿದೀರಾ?" ಎಂದು ಕೇಳಿದೆ.

"ಕಾದಿದೀವಿ ಮೇಡಂ. ಪುಣ್ಯ, ಏನೂ ಆಗ್ಲಿಲ್ಲ." ಮೊಬೈಲು ಕೆಳಗಿಟ್ಟು ಅಂದರು, "ಹಸಿರು ನೋಡಿ ನೀವು ಅಷ್ಟು ಖುಷಿ ಪಡ್ತಿದ್ರಲ್ಲ."

ಅನಗತ್ಯವಾಗಿ ಹೊಟ್ಟೆ ಕೊಯ್ಯುವುದು ಅನ್ಯಾಯವೆಂದು ಇಂದಿಗೂ ನಂಬುತ್ತೇನೆ. ಆದರೆ ಬಣ್ಣಗಳು ಬೇಡ, ಪ್ರತಿ ಶಸ್ತ್ರಚಿಕಿತ್ಸೆಯ ಕಾರಣವನ್ನು ಕೇಳೋಣ, ಅದನ್ನು ವೈದ್ಯರೇ ಕೂತು ಪರಿಶೀಲಿಸಲಿ ಎಂದು ತಂಡದೆದುರು ವಾದಿಸಿದೆ. ಒಪ್ಪಿದರು. ಆದರೂ ಕೆಲವು ಸಂಜೆ ಹಳೆಯ ತಿಂಗಳುಗಳನ್ನು ತೆರೆದು ಕೂರುತ್ತೇನೆ. ಸಹಜ ಹೆರಿಗೆ, ಸಹಜ ಹೆರಿಗೆ ಎಂದು ಸಾಲುಗಳು ಮಂಜಿನಂತೆ ಸರಿಯುತ್ತವೆ. ಅವುಗಳಲ್ಲಿ ಯಾವ ತಾಯಿ ನನ್ನ ಸಂತೋಷಕ್ಕಾಗಿ ಅರ್ಧ ಗಂಟೆ ಹೆಚ್ಚು ನರಳಿದಳೆಂದು ಎಲ್ಲಿಯೂ ಬರೆದಿಲ್ಲ.