ಬರಿಗಾಲಿಗೆ ಮಾತ್ರ ತಿಳಿದ ಕರೆಂಟು

ನಾವುಂದದ ಕೃಷ್ಣಯ್ಯನವರ ದನದ ಹಟ್ಟಿಯಲ್ಲಿ ಬೆಳಗಿನ ಐದು ಗಂಟೆ. ಹಾಲು ಕರೆಯುವ ಸರಸಕ್ಕ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಒದ್ದೆ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಪಿಲೆಯ ಕೆಚ್ಚಲು ತೊಳೆಯುತ್ತಾರೆ. ಹಟ್ಟಿಯೊಳಗೆ ಮೆಟ್ಟು ಹಾಕುವ ಅಭ್ಯಾಸ ಅವರಿಗಿಲ್ಲ. ನಾಲ್ಕು ಮನೆ, ಹನ್ನೊಂದು ದನ. ಮೂವತ್ತೆರಡು ವರ್ಷದಿಂದ ಇದೇ ಕೆಲಸ.

ಈ ಕಪಿಲೆ ಇವತ್ತು ಇಲ್ಲಿರಬೇಕಾದದ್ದೇ ಅಲ್ಲ. ಕಳೆದ ಬೇಸಗೆಯಲ್ಲಿ ಒದೆಯಲು ಶುರು ಮಾಡಿತು. ಕಬ್ಬಿಣದ ತೊಟ್ಟಿಯ ನೀರನ್ನು ಮೂಸಿ ಹಿಂದೆ ಸರಿಯಿತು. ಎಂಟು ಲೀಟರ್ ಹಾಲು ಐದಕ್ಕಿಳಿಯಿತು. ಡಾಕ್ಟರು ಮದ್ದು ಕೊಟ್ಟರು, ಮನೆಯವರು ದೃಷ್ಟಿ ತೆಗೆದರು, ಕೊನೆಗೆ ಸೋಮವಾರ ದಲ್ಲಾಳಿಗೆ ಕೊಡುವುದೆಂದು ಮಾತಾಯಿತು. ಒದೆಯುವ ದನ ಎಲ್ಲಿಗೆ ಹೋಗುತ್ತದೆಂದು ಬಿಡಿಸಿ ಹೇಳಬೇಕೇ?

“ತೊಟ್ಟಿ ಮುಟ್ರೆ ನಂಗೂ ಜುಮ್ ಅಂತ್ತ್, ಕರೆಂಟ್ ಕಾಣಿ ಅಂದೆ. ಯಾರ್ ಕೇಂತ್ರ್?” ಎನ್ನುತ್ತಾರೆ ಸರಸಕ್ಕ.

ಕೇಳುವುದಿರಲಿ, ನಕ್ಕರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಕೃಷ್ಣಯ್ಯನವರು ಗಾದೆ ಬೇರೆ ಹೇಳಿದರು. ವಯರಿಂಗ್ ಮಾಡುವ ರೂಪೇಶ ಬಂದು ತೊಟ್ಟಿಗೆ ಟೆಸ್ಟರ್ ಹಿಡಿದ. ಅದು ಉರಿಯಲಿಲ್ಲ, ಎಂತದೂ ಇಲ್ಲ ಎಂದುಬಿಟ್ಟ. ಡಾಕ್ಟರು, ಯಜಮಾನರು, ರೂಪೇಶ, ಬಂದವರೆಲ್ಲರ ಕಾಲಲ್ಲೂ ರಬ್ಬರಿನ ಮೆಟ್ಟು. ದಿನಕ್ಕೆರಡು ಹೊತ್ತು ಬರಿಗಾಲಲ್ಲಿ ಕೂರುವ ಹೆಂಗಸಿನ ಮಾತು ಮಾತ್ರ ಮಾತಲ್ಲ. ಮೈ ಉರಿಯುವುದು ಇದಕ್ಕೇ.

ಅವತ್ತು ಸರಸಕ್ಕನಿಗೂ ಉರಿಯಿತು. “ಹ್ವಾಯ್ ರೂಪೇಶ, ಬೂಟ್ಸ್ ಕಳ್ಚಿ ನೀರಂಗೆ ನಿಲ್ ಕಾಂಬ. ಈಗ ಮುಟ್.”

ಮುಟ್ಟಿದವನೇ ಕೈ ಕಿತ್ತುಕೊಂಡ. ಮೀಟರ್ ತಂದು ನೋಡಿದರೆ, ಟೆಸ್ಟರಿಗೆ ಸಿಗದಷ್ಟು ಸಣ್ಣ ಕರೆಂಟು ಪಂಪಿನಿಂದ ಕಬ್ಬಿಣದ ಪೈಪಿನಗುಂಟ ತೊಟ್ಟಿಗೆ ಬರುತ್ತಿತ್ತು. ಪಂಪಿನ ಅರ್ತಿಂಗ್ ತಂತಿ ತುಕ್ಕು ಹಿಡಿದು ತುಂಡಾಗಿತ್ತು. ನಮಗೆ ಜುಮ್ ಎನ್ನುವುದು ದನಕ್ಕೆ ಪೆಟ್ಟು. ಅರ್ಧ ದಿನದ ರಿಪೇರಿ ಅದು. ಅಷ್ಟಕ್ಕೆ ಬಾಯಿಲ್ಲದ ಜೀವ ಮೂರು ತಿಂಗಳು ಪೆಟ್ಟೂ ತಿಂದಿತು, ಬೈಗುಳವನ್ನೂ ತಿಂದಿತು.

ಸೋಮವಾರ ದಲ್ಲಾಳಿ ಬರಿಗೈಯಲ್ಲಿ ಹೋದ. ಕೃಷ್ಣಯ್ಯನವರು ಆ ಗಾದೆಯನ್ನು ಮತ್ತೆ ಎತ್ತಿಲ್ಲ. ಹಾಗೆಂದು ಸರಸಕ್ಕನಿಗೆ ಒಂದು ಒಳ್ಳೆಯ ಮಾತನ್ನೂ ಆಡಿಲ್ಲ.

ಕಪಿಲೆ ತೊಟ್ಟಿಗೆ ಮೂತಿಯಿಟ್ಟು ಸೊರಸೊರ ನೀರು ಹೀರುತ್ತಿದೆ. ಸರಸಕ್ಕ ತುಂಬಿದ ಪಾತ್ರೆ ಎತ್ತಿಕೊಂಡು ಏಳುತ್ತಾರೆ.

“ನಂಗೆಂತ ಬ್ಯಾಡ. ಇನ್ನ್ ದನ ಒದ್ರೆ, ಅದನ್ನ್ ಬೈಯುಕೆ ಮುಂಚೆ ಒಂದ್ಸಲ ಮೆಟ್ಟ್ ಕಳ್ಚಿ ಹಟ್ಟಿಗ್ ಬನ್ನಿ. ಅಷ್ಟ್ ಸಾಕ್.”