ಯಜಮಾನರ ಸಂಧ್ಯಾವಂದನೆ

ನಮ್ಮ ಯಜಮಾನರಿಗೆ ಪಾರ್ಕಿನ್ಸನ್ ಎಂದು ಗೊತ್ತಾದ ಮೇಲೆ ನಾನು ಅವರಿಗೆ ಕಾಫಿಯನ್ನು ಅರ್ಧ ಲೋಟವೇ ಕೊಡುತ್ತೇನೆ. ಕೈ ನಡುಗಿ ಚೆಲ್ಲಿದರೆ ಅವರಿಗೆ ನಾಚಿಕೆ, ನನಗೆ ಸಂಕಟ.

ಕಳೆದ ವರ್ಷ ಕೊಲೊರಾಡೊದ ಬೆಟ್ಟದೂರಿನಲ್ಲಿರುವ ಮಗಳು ಫೋನ್ ಮಾಡಿದಳು. ಎತ್ತರದಲ್ಲಿ ಆಮ್ಲಜನಕ ಕಡಿಮೆ, ಅಂಥ ಗಾಳಿಯಲ್ಲಿಟ್ಟ ಇಲಿಗಳಿಗೆ ಈ ಕಾಯಿಲೆ ನಿಧಾನವಾಯಿತಂತೆ, ಇಬ್ಬರೂ ಇಲ್ಲಿಗೇ ಬಂದುಬಿಡಿ ಎಂದಳು. ನಮ್ಮೂರ ಹತ್ತಿರದ ಡೌನರ್ಸ್ ಗ್ರೋವ್‌ನ ಡಾಕ್ಟರನ್ನು ಕೇಳಿದೆವು. ಮನುಷ್ಯರ ವಿಷಯದಲ್ಲಿ ಇನ್ನೂ ಏನೂ ಖಚಿತವಿಲ್ಲ ಎಂದರು. ಅಬ್ಬಾ, ಬದುಕಿದೆ ಅನಿಸಿತು ನನಗೆ. ಗಂಡನ ಕಾಯಿಲೆಗೆ ಕಂಡ ಒಂದು ದಾರಿ ಮುಚ್ಚಿದಾಗ ಹೆಂಡತಿಗೆ ಸಮಾಧಾನವಾಗಬಾರದು, ಆಯಿತು. ಪ್ಲೇನ್‌ಫೀಲ್ಡಿನ ಈ ಮನೆ, ಹಿತ್ತಲಿನ ಮೆಂತ್ಯದ ಪಾತಿ, ಶನಿವಾರದ ಭಜನೆ, ಎಲ್ಲ ಬಿಟ್ಟು ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗುವುದು?

"ಇಲಿ ಮಾತು ಕೇಳ್ಕೊಂಡು ಮನೆ ಮಾರೋದಾ? ನಾನಂತೂ ಬರಲ್ಲ ರೀ," ಎಂದೆ. ಅವರು ನಕ್ಕರು.

ಮುಂದಿನ ವಾರದಿಂದ ಬೆಳಿಗ್ಗೆ ಸ್ನಾನ ಮಾಡಿ ದೇವರ ಮುಂದೆ ಮೂಗು ಹಿಡಿದು ಕೂರತೊಡಗಿದರು. ಹಿಂದೆ ಸೌತ್‌ಫೀಲ್ಡಿನಲ್ಲಿ ಕೆಲಸದಲ್ಲಿದ್ದಾಗ ಉಪಾಕರ್ಮಕ್ಕೆ ಜನಿವಾರ ಬದಲಿಸುವುದನ್ನೂ ನಾನೇ ನೆನಪಿಸಬೇಕಿತ್ತು. ಅಂಥವರು ದಿನಾ ಸಂಧ್ಯಾವಂದನೆಗೆ ಕೂತರೆಂದರೆ! ಭಜನೆಯಲ್ಲಿ ಎಲ್ಲರ ಮುಂದೆ ಹೇಳಿಕೊಂಡು ಬೀಗಿದ್ದೇ ಬೀಗಿದ್ದು.

ಮೊನ್ನೆ ದೇವರಿಗೆ ಹೂವಿಡಲು ಹೋದೆ. ಅವರ ಮುಖ ಕೆಂಪಾಗಿ ಕುತ್ತಿಗೆಯ ನರ ಉಬ್ಬಿತ್ತು. ಪಂಚಪಾತ್ರೆಯಲ್ಲಿ ನೀರೇ ಇಲ್ಲ. ಎಡಗೈ ಶಲ್ಯದೊಳಗಿತ್ತು. ಎಳೆದು ನೋಡಿದರೆ, ನಡುಗುವ ಬೆರಳಿಗೆ ರಕ್ತದ ಆಮ್ಲಜನಕ ಅಳೆಯಲು ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್.

"ಏನ್ರೀ ಇದು?"

ಉಸಿರು ಬಿಟ್ಟು ಸುಧಾರಿಸಿಕೊಂಡರು. "ನಿಂಗೆ ಈ ಮನೆ ಬಿಡೋಕೆ ಇಷ್ಟ ಇಲ್ವಲ್ಲ. ಬೆಟ್ಟದ ಗಾಳಿ ಇಲ್ಲೇ ಆಗುತ್ತಾ ಅಂತ ನೋಡ್ತಿದ್ದೆ. ಉಸಿರು ಎಷ್ಟು ಕಟ್ಟಿದ್ರೂ ತೊಂಬತ್ತರ ಕೆಳಗೆ ಇಳೀತಾನೇ ಇಲ್ಲ ಕಣೇ."

ಅವರ ಬೆರಳಿನಿಂದ ಆಕ್ಸಿಮೀಟರ್ ಬಿಚ್ಚಿದೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅನ್ನುತ್ತಾರೆ. ಆ ಕಡ್ಡಿಯನ್ನು ಕಿತ್ತುಕೊಂಡವಳು ನಾನು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಭಜನೆಯವ್ರಿಗೆ ಹೇಳ್ಬೇಡ," ಎಂದರು ಮೆಲ್ಲಗೆ. "ಭಕ್ತಿ ಅಂತಾನೇ ಇರ್ಲಿ. ನಿನ್ನ ಮಾತು ಸುಳ್ಳಾಗೋದು ಬೇಡ."

ಮಗಳಿಗೆ ಫೋನ್ ಮಾಡಿ ಬರುತ್ತೇವೆ ಅನ್ನಬೇಕು. ಇಷ್ಟಾದರೂ ಇನ್ನೂ ಮಾಡಿಲ್ಲ.