ಗಿಳಿಯ ಕಂದು ರೆಕ್ಕೆ

ತಪ್ಪು ನಿನ್ನದಲ್ಲ ಚಾರು, ನನ್ನದು. ಏಳು ವರ್ಷದ ಹಿಂದೆ ನೀನು ಗಿಳಿಯ ರೆಕ್ಕೆಗೆ ಬಳಿದ ಕಂದು ಬಣ್ಣ ಸರಿಯಾಗಿಯೇ ಇತ್ತು. ಅದು ನನಗೆ ಅಂದೇ ಮಧ್ಯಾಹ್ನ ಗೊತ್ತಾಯಿತು. ಗೊತ್ತಾದ ಮೇಲೂ ಸುಮ್ಮನಿದ್ದೆ — ಇಷ್ಟು ಹೇಳಲು ಏಳು ವರ್ಷ ಹಿಡಿಯಿತು.

ನಿನಗೆ ನೆನಪಿದೆಯೋ ಇಲ್ಲವೋ. ವೇಲಚೇರಿಯ ನಮ್ಮ ಫ್ಲ್ಯಾಟುಗಳ ಅಸೋಸಿಯೇಷನ್ ರೂಮಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನನ್ನ ಭಾಗಾಕಾರ ಪೀಠ ನಡೆಯುತ್ತಿತ್ತು. ಪೀಠಾಧಿಪತಿ ನಾನು — ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಇತರರ ತಪ್ಪುಗಳಿಗೆ ಕೆಂಪು ಗೆರೆ ಎಳೆದು ನಿವೃತ್ತನಾದ ಮಹಾಪುರುಷ. ಶಿಷ್ಯರು ನೀವು ಆರು ಜನ, ನಾಲ್ಕನೇ ಕ್ಲಾಸಿನವರು. ಭಾಗಾಕಾರವೆಂದರೆ ಅಳುವವರಿಗೆ ನಾನು ಸಿದ್ಧಪಡಿಸಿದ ದಿವ್ಯೌಷಧ ಇದು: ಒಂದು ಚಿತ್ರ, ಅದರ ಒಂದೊಂದು ತುಂಡಿನಲ್ಲೂ ಒಂದೊಂದು ಲೆಕ್ಕ. ಉತ್ತರ ಆರು ಬಂದರೆ ಕೆಂಪು, ಏಳಕ್ಕೆ ಹಸಿರು, ಎಂಟಕ್ಕೆ ಕಂದು, ಒಂಬತ್ತಕ್ಕೆ ಹಳದಿ. ಲೆಕ್ಕ ಸರಿಯಾದರೆ ಮಾವಿನ ಕೊಂಬೆಯ ಮೇಲೆ ಗಿಳಿ ತಾನಾಗಿ ಬಂದು ಕೂರುತ್ತದೆ. ಚಿತ್ರವೂ ಲೆಕ್ಕವೂ ನನ್ನ ಕೈಯದೇ; ಒಂದು ಬರೆದು ಆರು ಜೆರಾಕ್ಸ್ ತೆಗೆಸುತ್ತಿದ್ದೆ.

ಆ ಭಾನುವಾರ ಐದು ಗಿಳಿಗಳು ಹಸಿರಾಗಿ ಬಂದವು. ನಿನ್ನ ಗಿಳಿಗೆ ಮಾತ್ರ ರೆಕ್ಕೆ ಕಂದು.

"ಏನಮ್ಮಾ ಚಾರು, ಗಿಳೀನ ಕಾಫಿಯಲ್ಲಿ ಅದ್ದಿ ತೆಗೆದ್ಯಾ?" ಎಂದೆ. ಎಲ್ಲರೂ ನಕ್ಕರು. ನನ್ನ ಹಾಸ್ಯಕ್ಕೆ ಅಂಥ ಸಭಾಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ.

ನೀನು ನಗಲಿಲ್ಲ. ಹಾಳೆಯನ್ನು ನನ್ನ ಮುಂದೆ ಹಿಡಿದೆ. "ತಾತಾ, ಎಟ್ಟು ದಾನೇ ವರುದು? ಎಂಟೇ ಬರುತ್ತಲ್ವಾ, ಎಂಟಕ್ಕೆ ಬ್ರೌನ್ ತಾನೇ?" ಶಾಲೆಯ ತಮಿಳಿನಲ್ಲಿ ಒಮ್ಮೆ, ಮನೆಯ ಕನ್ನಡದಲ್ಲಿ ಒಮ್ಮೆ — ಎರಡು ಭಾಷೆಯಲ್ಲಿ ಕೇಳಿದೆ. ನಾನು ಒಂದು ಸಲ ಬಗ್ಗಿ ನೋಡಿದ್ದರೆ ಸಾಕಿತ್ತು.

"ಗಿಳಿ ಯಾವ ಬಣ್ಣ ಅಂತ ಗೊತ್ತಿಲ್ವಾ? ಅದನ್ನ ನೋಡ್ಕೊಂಡು ಲೆಕ್ಕ ಮಾಡು" ಎಂದೆ. ನೀನು ಬರೆದ ಎಂಟರ ಮೇಲೆ ನಾನು ಕೆಂಪು ಅಡ್ಡಗೆರೆ ಎಳೆದೆ. ಎಲ್ಲರೆದುರು ಕಂದಿನ ಮೇಲೆ ಹಸಿರು ಬಳಿಸಿದೆ. ಮೇಣದ ಬಣ್ಣದ ಮೇಲೆ ಮೇಣದ ಬಣ್ಣ ಕೂರುವುದಿಲ್ಲ. ನೀನು ಒತ್ತಿ ಒತ್ತಿ ಬಳಿದೆ, ಕಡ್ಡಿ ಮುರಿಯಿತು.

ಊಟ ಮುಗಿಸಿ ಹಾಳೆಗಳನ್ನು ಜೋಡಿಸುವಾಗ ಕಣ್ಣಿಗೆ ಬಿತ್ತು. ರೆಕ್ಕೆಯಲ್ಲಿ ನಾನು ಬರೆಯಬೇಕಾಗಿದ್ದದ್ದು ಐವತ್ತಾರು ಭಾಗಿಸು ಎಂಟು. ಬರೆದದ್ದು ಐವತ್ತಾರು ಭಾಗಿಸು ಏಳು. ಉಳಿದ ಐದು ಹಾಳೆಗಳನ್ನು ನೋಡಿದೆ. ಗಿಳಿ ಹಸಿರು ತಾನೇ ಎಂದು ಹಸಿರು ಬಳಿದು, ಹಸಿರಿಗೆ ತಕ್ಕಂತೆ ಏಳು ಎಂದು ಬರೆದಿದ್ದರು. ಆರು ಜನರಲ್ಲಿ ಭಾಗಿಸಿದವಳು ನೀನೊಬ್ಬಳೇ. ನಕ್ಷತ್ರ ಸಿಕ್ಕಿದ್ದು ಆ ಐವರಿಗೆ.

ಮುಂದಿನ ವಾರ ಹೇಳಬಹುದಿತ್ತು. 'ಮಕ್ಕಳೇ, ತಾತ ತಪ್ಪು ಬರೆದಿದ್ದ' — ನಾಲ್ಕೇ ಪದ. ಆದರೆ ತಪ್ಪು ಹಿಡಿಯುವವನೇ ತಪ್ಪು ಮಾಡಿದ ಎಂದರೆ... ನನ್ನ ಮೂಲಪ್ರತಿಯಲ್ಲಿ ಏಳರ ಮೇಲೆ ಬಿಳಿ ಹಚ್ಚಿ ಎಂಟು ಮಾಡಿದೆ. ನಿಮ್ಮ ಆರೂ ಹಾಳೆಗಳನ್ನು 'ಕಡತಕ್ಕೆ' ಎಂದು ಇಟ್ಟುಕೊಂಡೆ. ಆಮೇಲೊಂದು ವರ್ಷ ನಮ್ಮ ನೆಲಮಹಡಿಗೆ ಮಳೆನೀರು ನುಗ್ಗಿ ಹಾಸಿಗೆ, ಪಂಚಾಂಗ, ಪೆನ್ಷನ್ ಕಾಗದ ಎಲ್ಲ ತೊಯ್ದವು. ಬೀರುವಿನ ಮೇಲಿದ್ದ ಈ ಕಡತ ಮಾತ್ರ ಬೆಚ್ಚಗಿತ್ತು.

ಆ ಗಿಳಿಯ ಭಾನುವಾರವಾಗಿ ಎರಡು ಮೂರು ವಾರಕ್ಕೇ ಇನ್ನೊಂದು ಕಂಡಿದ್ದೆ. ನೀನು ಮೊದಲು ಚಿತ್ರಕ್ಕೆಲ್ಲ ಬಣ್ಣ ಹಾಕುತ್ತಿದ್ದೆ. ಆಮೇಲೆ ಬಣ್ಣಕ್ಕೆ ಹೊಂದುವ ಉತ್ತರ ತುಂಬುತ್ತಿದ್ದೆ. ಭಾಗಿಸುವುದನ್ನೇ ಬಿಟ್ಟಿದ್ದೆ. ಗುರುವಾಕ್ಯವನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದ ಶಿಷ್ಯೆ ನನಗೆ ಬೇರೆ ಸಿಗಲಿಲ್ಲ. ನಾನು "ಭೇಷ್" ಎಂದು ನಕ್ಷತ್ರ ಕೊಟ್ಟೆ — ಎಲ್ಲ ತಿಳಿದೂ.

ಮೊನ್ನೆ ಲಿಫ್ಟಿನ ಹತ್ತಿರ ನಿನ್ನ ಅಮ್ಮ ಹೇಳಿದರು: "ಅಂಕಲ್, ಹತ್ತನೇದು ಮುಗೀತಲ್ಲ, ಇವಳು ಪ್ಲಸ್ ಒನ್‌ಗೆ ಮ್ಯಾಥ್ಸ್ ಇಲ್ಲದ ಗ್ರೂಪ್ ತಗೋತಾಳಂತೆ. ಸೋಮವಾರ ಫಾರ್ಮ್ ಕೊಡಬೇಕು. ಲೆಕ್ಕ ಇವಳ ತಲೆಗೆ ಹತ್ತೋದೇ ಇಲ್ಲ, ಚಿಕ್ಕೋಳಿದ್ದಾಗ ನೀವೇ ನೋಡಿದ್ದೀರಲ್ಲ."

ನೀನು ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದೆ. ನಾನು "ಹೂಂ" ಎಂದೆ.

ಮೊದಲನೆಯದಕ್ಕೆ ಕೈತಪ್ಪು ಎಂಬ ಹೆಸರಾದರೂ ಇತ್ತು. ಈ ಹೂಂಗೆ —

ಗಣಿತ ತಗೋ ಎಂದು ಹೇಳುವ ಯೋಗ್ಯತೆ ನನಗಿಲ್ಲ. ಬೇಡವಾದರೆ ಬಿಡು. ಆದರೆ ನನಗೆ ಬರುವುದಿಲ್ಲ ಎಂದುಕೊಂಡು ಬಿಡಬೇಡ. ಅದು ನಿನ್ನ ಮಾತಲ್ಲ, ನಾನು ನಿನ್ನ ಬಾಯಿಗೆ ತುರುಕಿದ್ದು.

ನಾಳೆ ಭಾನುವಾರ. ಬೆಳಿಗ್ಗೆ ಮೂರನೇ ಮಹಡಿಯ ನಿಮ್ಮ ಮನೆಗೆ ಬಂದು ನಿನ್ನ ಅಮ್ಮನೆದುರು ಈ ಕಾಗದವನ್ನು ಓದುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅದೂ ನಿನ್ನ ತಲೆಯ ಮೇಲೆ ಇನ್ನೊಂದು ಹೊರೆ. ನಿನ್ನ ಹಾಳೆಯನ್ನು ವಾಪಸು ಕೊಡುತ್ತೇನೆ. ಹಸಿರಿನ ಕೆಳಗೆ ಕಂದು ಇನ್ನೂ ಕಾಣುತ್ತದೆ. ಪಕ್ಕದಲ್ಲಿ ನಿನ್ನ ದುಂಡನೆಯ ಅಕ್ಷರದ ಎಂಟು, ಅದರ ಮೇಲೆ ನನ್ನ ಕೆಂಪು ಗೆರೆ.